ಹೈವ್‌ನಲ್ಲಿ ವೋಟ್ ಬಾಟ್ ಕಟ್ಟೋದು ಹೇಗೆ: ಕದ್ದ ಬರಹ ಸಿಗಬೇಕು, ಸ್ವಂತ ಬರೆದವರಿಗೆ ಏಟು ಬೀಳಬಾರದು

ಹೈವ್ ಅನ್ನೋದು ಬ್ಲಾಕ್‌ಚೈನ್ ಮೇಲೆ ನಡೆಯುವ ಬರಹದ ತಾಣ, ಓದುಗರು ಹಾಕುವ ವೋಟಿನಿಂದ ಬರೆದವರಿಗೆ ದುಡ್ಡು ಬರುತ್ತದೆ. ಅಲ್ಲಿ ಕನ್ನಡದಲ್ಲಿ ಬರೆಯುವವರು ಕಡಿಮೆ. ಹಾಗಾಗಿ ಯಾರಾದರೂ ಪತ್ರಿಕೆಯ ಲೇಖನವನ್ನು ಎತ್ತಿ ತಮ್ಮ ಹೆಸರಲ್ಲಿ ಹಾಕಿಕೊಂಡರೆ ಅದನ್ನು ಹಿಡಿಯುವವರೂ ಕಡಿಮೆ. ಓದಲು ಬಾರದವರು ಚಿತ್ರ ನೋಡಿ, ಉದ್ದ ನೋಡಿ ಅಪ್‌ವೋಟ್ (ಮೆಚ್ಚುಗೆಯ ವೋಟ್) ಹಾಕಿ ಹೋಗುತ್ತಾರೆ. ಸ್ವಂತ ಬರೆದವರ ಪಾಲಿನ ದುಡ್ಡು ಕದ್ದವರಿಗೆ ಹೋಗುತ್ತದೆ. ಇದನ್ನು ನೋಡಿ ನೋಡಿ ಬೇಸರವಾಗಿ ನಾವು ನಾಲ್ಕು ಜನ ಗೆಳೆಯರು ಒಂದು ಸಣ್ಣ ಬಾಟ್, ಅಂದರೆ ಪೋಸ್ಟ್ ನೋಡಿ ವೋಟ್ ಹಾಕುವ ಪ್ರೋಗ್ರಾಂ, ಕಟ್ಟಿದೆವು. ನಿಮಗೂ ಅಂಥದ್ದು ಬೇಕಿದ್ದರೆ ಈ ಲೇಖನ ದಾರಿ ತೋರಿಸಬಹುದು. ಸ್ವಲ್ಪ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಬಂದರೆ ಸಾಕು.

ವೋಟ್ ಹಾಕುವ ಕೆಲಸವೇ ಎಲ್ಲಕ್ಕಿಂತ ಸುಲಭದ್ದು. ಯಾರಿಗೆ ಹಾಕಬಾರದು ಅಂತ ಬಾಟ್‌ಗೆ ಕಲಿಸೋದು ಕಷ್ಟ. ಅದಕ್ಕೇ ಈ ಲೇಖನದಲ್ಲಿ ಆ ಭಾಗ ಜಾಸ್ತಿ ಇದೆ.

ಇಲ್ಲಿ ವೋಟ್ ಅಂದರೆ ಏನು

ಹೈವ್ 2020ರ ಮಾರ್ಚ್ 20ರಂದು ಸ್ಟೀಮ್ ಬ್ಲಾಕ್‌ಚೈನ್‌ನಿಂದ ಕವಲೊಡೆದು ಬಂತು. ಎರಡರಲ್ಲೂ ಒಂದು ಸಂಗತಿ ಸಮಾನ. ಬೇರೆಯವರ ಪೋಸ್ಟನ್ನು ಅಳಿಸುವ ಅಧಿಕಾರ ಯಾವ ಅಡ್ಮಿನ್‌ಗೂ ಇಲ್ಲ. ಬರಹಗಳು ಬ್ಲಾಕ್ ಅನ್ನುವ ದಾಖಲೆಯ ಕಂತೆಗಳಿಗೆ ಸೇರುತ್ತವೆ, ಸೇರಿದ್ದು ಅಲ್ಲೇ ಇರುತ್ತದೆ. ಕಮ್ಯುನಿಟಿ ನಡೆಸುವವರು ಪೋಸ್ಟನ್ನು ಮ್ಯೂಟ್ ಮಾಡಬಹುದು. ಆದರೆ ಅದರಿಂದ ಬರುವ ದುಡ್ಡು ನಿಲ್ಲುವುದಿಲ್ಲ. ದುಡ್ಡು ನಿಲ್ಲಿಸಲು ಇರೋದು ಡೌನ್‌ವೋಟ್, ಅಂದರೆ ಬಹುಮಾನ ಇಳಿಸುವ ವೋಟ್, ಒಂದೇ.

ಎಲ್ಲರ ಬಹುಮಾನವೂ ಒಂದೇ ಹುಂಡಿಯಿಂದ ಬರುತ್ತದೆ. ಪೋಸ್ಟ್ ಹಾಕಿದ 7 ದಿನಗಳ ಕಾಲ ವೋಟುಗಳು ಸೇರುತ್ತವೆ, ಆಮೇಲೆ ಹಣ ಬಟವಾಡೆ ಆಗುತ್ತದೆ. ಅರ್ಧ ಬರೆದವರಿಗೆ, ಅರ್ಧ ವೋಟ್ ಹಾಕಿದವರಿಗೆ. ಈ 7 ದಿನಗಳೊಳಗೆ ಬಿದ್ದ ಡೌನ್‌ವೋಟ್ ಆ ಪೋಸ್ಟಿನ ಪಾಲನ್ನು ಇಳಿಸುತ್ತದೆ. ಇಳಿದ ಮೊತ್ತ ಹುಂಡಿಗೆ ವಾಪಸ್ ಹೋಗಿ ಉಳಿದವರಿಗೆ ಹಂಚಿಕೆಯಾಗುತ್ತದೆ. ಡೌನ್‌ವೋಟ್ ಜಾಸ್ತಿ ಬಿದ್ದರೆ ಪೋಸ್ಟ್ ಮಸುಕಾಗಿ ಅಥವಾ ಮುಚ್ಚಿಕೊಂಡಂತೆ ಕಾಣುತ್ತದೆ. ನಿಮ್ಮ ವೋಟಿಗೆ ಎಷ್ಟು ಬಲ ಅನ್ನೋದು ನಿಮ್ಮ ಖಾತೆಯಲ್ಲಿರುವ ಹೈವ್ ಪವರ್, ಅಂದರೆ ಕೂಡಿಟ್ಟ ಹೈವ್ ನಾಣ್ಯದ ಮೇಲೆ ನಿಂತಿದೆ.

ಅಂದರೆ ಡೌನ್‌ವೋಟ್ ಇನ್ನೊಬ್ಬರ ಜೇಬಿಗೆ ಕೈ ಹಾಕುವ ಕೆಲಸ. ಬಾಟ್ ಕಟ್ಟುವಾಗ ಇದು ಸದಾ ತಲೆಯಲ್ಲಿರಲಿ.

ಮೊದಲ ಹೆಜ್ಜೆ: ಯಾವುದನ್ನು ಹಿಡಿಯಬೇಕು ಅಂತ ಬರೆದಿಡಿ

ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಬಾಟ್ ಯಾವುದಕ್ಕೆ ಡೌನ್‌ವೋಟ್ ಹಾಕುತ್ತದೆ ಅಂತ ಬರೆಯಿರಿ. ನಮ್ಮ ಹಾಳೆಯಲ್ಲಿ ಮೂರೇ ಸಾಲು ಇವೆ: ಬೇರೆಯವರ ಬರಹವನ್ನು ಹೆಸರು ಹೇಳದೆ ಹಾಕಿದ್ದು, ಒಂದೇ ಕಾಮೆಂಟನ್ನು ಹತ್ತಾರು ಕಡೆ ಅಂಟಿಸಿದ್ದು, ಕೀ (ಖಾತೆಯ ಗುಪ್ತ ಪಾಸ್‌ವರ್ಡ್) ಕದಿಯುವ ಮೋಸದ ಲಿಂಕ್.

ಕೆಟ್ಟ ಬರಹ, ಕಾಗುಣಿತದ ತಪ್ಪು, ನಮಗೆ ಒಪ್ಪದ ಅಭಿಪ್ರಾಯ ಇವು ಆ ಹಾಳೆಯಲ್ಲಿ ಇಲ್ಲ. ಇವನ್ನು ಸೇರಿಸಲೇಬೇಡಿ. ಅಭಿಪ್ರಾಯ ನೋಡಿ ವೋಟ್ ಹಾಕುವ ಬಾಟ್ ಒಂದೇ ವಾರದಲ್ಲಿ ಜಗಳದ ಮೂಲವಾಗುತ್ತದೆ. ಒಬ್ಬರು ಹಾಕಿದ್ದಕ್ಕೆ ಇನ್ನೊಬ್ಬರು ತಿರುಗಿ ಹಾಕುತ್ತಾರೆ, ನಡುವೆ ಸಿಕ್ಕಿಕೊಂಡವರು ಬರೆಯೋದನ್ನೇ ಬಿಡುತ್ತಾರೆ. ಇನ್ನೊಂದು ಮಾತು: ನಿಮಗೆ ಡೌನ್‌ವೋಟ್ ಹಾಕಿದವರಿಗೆ ತಾನಾಗಿಯೇ ತಿರುಗಿ ಹಾಕುವ ಕೋಡ್ ಬರೆಯಬೇಡಿ. ಅದರಿಂದ ಕದ್ದ ಒಂದು ಬರಹವೂ ಸಿಗುವುದಿಲ್ಲ.

ಈ ಹಾಳೆಯನ್ನು ಬಾಟ್ ಖಾತೆಯ ಮೊದಲ ಪೋಸ್ಟ್ ಮಾಡಿ ಹಾಕಿ. ವೋಟ್ ಬಿದ್ದವರು ಬಂದು ಓದಲಿ.

ಖಾತೆ ಮತ್ತು ಕೀ

ಬಾಟ್‌ಗೆ ಬೇರೆ ಖಾತೆ ಇರಲಿ. ಹೊಸ ಖಾತೆ ತೆರೆಯಲು 3 ಹೈವ್ ಶುಲ್ಕ. ರಿಸೋರ್ಸ್ ಕ್ರೆಡಿಟ್ (ಹೈವ್‌ನಲ್ಲಿ ಕೆಲಸ ಮಾಡಲು ಖಾತೆಗಿರುವ ಸಾಮರ್ಥ್ಯದ ಲೆಕ್ಕ) ಜಾಸ್ತಿ ಇರುವ ಗೆಳೆಯರಿದ್ದರೆ ಅವರು ಶುಲ್ಕವಿಲ್ಲದೆಯೂ ಮಾಡಿಕೊಡಬಲ್ಲರು. ಹೆಸರಿನಲ್ಲೇ ಇದು ಬಾಟ್ ಅಂತ ಗೊತ್ತಾಗುವಂತಿರಲಿ. ಪರಿಚಯದಲ್ಲಿ ನಡೆಸುವವರ ಖಾತೆಗಳ ಹೆಸರು ಹಾಕಿ.

ಹೈವ್ ಖಾತೆಗೆ ನಾಲ್ಕು ಕೀ: ಓನರ್, ಆ್ಯಕ್ಟಿವ್, ಪೋಸ್ಟಿಂಗ್, ಮೆಮೊ. ವೋಟ್ ಮತ್ತು ಕಾಮೆಂಟ್‌ಗೆ ಪೋಸ್ಟಿಂಗ್ ಕೀ ಒಂದೇ ಸಾಕು. ಸರ್ವರ್‌ನಲ್ಲಿ ಅದನ್ನು ಮಾತ್ರ ಇಡಿ, ಅದೂ ಕೋಡ್ ಒಳಗಲ್ಲ, ಬೇರೆ ಫೈಲಿನಲ್ಲಿ. ಆ್ಯಕ್ಟಿವ್ ಕೀ ಹಣ ಕಳಿಸುವ ಕೀ, ಅದು ಸರ್ವರ್ ಹತ್ತಿರವೂ ಸುಳಿಯಬಾರದು. ಕೋಡನ್ನು ಗಿಟ್‌ಹಬ್‌ಗೆ ಹಾಕುವಾಗ ಕೀ ಇರುವ ಫೈಲ್ ಜೊತೆಗೇ ಹೋಗಿಬಿಡೋದು ಸಾಮಾನ್ಯ ತಪ್ಪು. ಮೊದಲ ದಿನವೇ ಆ ಫೈಲಿನ ಹೆಸರನ್ನು ಬಿಟ್ಟುಬಿಡುವ ಪಟ್ಟಿಗೆ ಸೇರಿಸಿ.

ಬಲ ಎಲ್ಲಿಂದ ಬರಬೇಕು? ಗೆಳೆಯರು ತಮ್ಮ ಹೈವ್ ಪವರ್ ಅನ್ನು ಬಾಟ್ ಖಾತೆಗೆ ಡೆಲಿಗೇಟ್ ಮಾಡಬಹುದು, ಅಂದರೆ ಬಳಸಲು ಎರವಲು ಕೊಡಬಹುದು. ಅದು ಅವರದ್ದೇ ಆಗಿ ಉಳಿಯುತ್ತದೆ. ಬೇಡ ಅನ್ನಿಸಿದರೆ ಹಿಂದಕ್ಕೆ ಪಡೆಯಬಹುದು, 5 ದಿನದಲ್ಲಿ ಅವರ ಖಾತೆಗೆ ಮರಳುತ್ತದೆ. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು ಅನ್ನೋದು ನನಗೆ ಇಷ್ಟವಾದ ವ್ಯವಸ್ಥೆ. ಬಾಟ್ ದಾರಿ ತಪ್ಪಿದರೆ ಅದರ ಬಲವೇ ಕರಗುತ್ತದೆ.

ಬ್ಲಾಕ್ ಓದುವುದು

ಹೈವ್‌ನಲ್ಲಿ 3 ಸೆಕೆಂಡಿಗೆ ಒಂದು ಬ್ಲಾಕ್, ದಿನಕ್ಕೆ 28,800. ಪೈಥಾನ್‌ಗೆ ಬೀಮ್, ಜಾವಾಸ್ಕ್ರಿಪ್ಟ್‌ಗೆ ಡಿಹೈವ್ ಅನ್ನುವ ಲೈಬ್ರರಿಗಳಿವೆ. ಎರಡರಲ್ಲೂ ಬ್ಲಾಕ್‌ಗಳನ್ನು ಒಂದಾದ ಮೇಲೊಂದು ಓದುವ ಸೌಲಭ್ಯ ಸಿದ್ಧವಾಗಿದೆ. ನಿಮಗೆ ಬೇಕಾದ್ದು ಕಾಮೆಂಟ್ ಎಂಬ ಆಪರೇಶನ್, ಅಂದರೆ ಬ್ಲಾಕ್‌ನಲ್ಲಿ ದಾಖಲಾಗುವ ಒಂದು ಕ್ರಿಯೆ. ಪೋಸ್ಟ್ ಕೂಡ ಒಳಗೆ ಕಾಮೆಂಟೇ. ಯಾರಿಗೆ ಉತ್ತರ ಎಂಬ ಜಾಗ ಖಾಲಿ ಇದ್ದರೆ ಅದು ಪೋಸ್ಟ್, ತುಂಬಿದ್ದರೆ ಕಾಮೆಂಟ್.

ಇಲ್ಲೊಂದು ಗುಂಡಿ ಇದೆ, ನಾವು ಬಿದ್ದಿದ್ದೆವು. ಬರೆದವರು ತಿದ್ದುಪಡಿ ಮಾಡಿದಾಗಲೂ ಅದೇ ಆಪರೇಶನ್ ಬರುತ್ತದೆ. ಎಷ್ಟೋ ಸಲ ಅದರಲ್ಲಿ ಪೂರ್ತಿ ಬರಹ ಇರುವುದಿಲ್ಲ, ಬದಲಾದ ತುಣುಕು ಮಾತ್ರ ವಿಚಿತ್ರ ಗುರುತುಗಳ ಜೊತೆ ಇರುತ್ತದೆ. ಆ ತುಣುಕನ್ನೇ ಹೊಸ ಪೋಸ್ಟ್ ಅಂತ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಬ್ಲಾಕ್‌ನಿಂದ ಖಾತೆಯ ಹೆಸರು ಮತ್ತು ಪೋಸ್ಟಿನ ವಿಳಾಸ ಮಾತ್ರ ತೆಗೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ನೋಡ್‌ಗೆ (ಹೈವ್‌ನ ದಾಖಲೆ ಇಟ್ಟುಕೊಂಡಿರುವ ಸರ್ವರ್‌ಗೆ) ಕೇಳಿ ಪೂರ್ತಿ ಬರಹ ತರಿಸಿ. ಅಷ್ಟು ಹೊತ್ತಿಗೆ ಬರೆದವರು ಮೂಲದ ಹೆಸರು ಸೇರಿಸಿದ್ದರೆ ಅದೂ ಸಿಗುತ್ತದೆ. ಪೋಸ್ಟ್ ಹಾಕಿದ ಕೂಡಲೇ ತಪ್ಪು ಕಂಡು ತಿದ್ದುವವರು ತುಂಬಾ ಜನ ಅಲ್ವಾ, ಅವರಿಗೆ ಆ ಅರ್ಧ ಗಂಟೆ ಕೊಡಬೇಕು.

ಓದಿ ಮುಗಿಸಿದ ಕೊನೆಯ ಬ್ಲಾಕ್ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡಿ. ಕರೆಂಟ್ ಹೋಗಿ ಬಂದರೆ ಅಲ್ಲಿಂದಲೇ ಮುಂದುವರಿಯಬಹುದು. ನೋಡ್ ಒಂದನ್ನೇ ನಂಬಬೇಡಿ, ಮೂರು ವಿಳಾಸ ಇಟ್ಟುಕೊಂಡು ಒಂದು ಉತ್ತರಿಸದಿದ್ದರೆ ಇನ್ನೊಂದಕ್ಕೆ ಹೋಗುವಂತೆ ಮಾಡಿ.

ಹೋಲಿಸುವುದು: ಕನ್ನಡಕ್ಕೆ ಬೇರೆ ಲೆಕ್ಕ

ಕದ್ದದ್ದನ್ನು ಹಿಡಿಯುವ ಬಾಟ್ ಹೊಸದೇನಲ್ಲ. ಸ್ಟೀಮ್‌ನ ಕಾಲದಲ್ಲೇ ಚೀತಾ ಅನ್ನುವ ಬಾಟ್ ಇತ್ತು. ಅಂತರ್ಜಾಲದಲ್ಲಿ ಅದೇ ಬರಹ ಬೇರೆಡೆ ಸಿಕ್ಕರೆ ಪೋಸ್ಟಿನ ಕೆಳಗೆ ಲಿಂಕ್ ಹಾಕುತ್ತಿತ್ತು. ಈಗ ಹೈವ್‌ನಲ್ಲಿ ಹೈವ್‌ವಾಚರ್ಸ್ ತಂಡ ಇದೇ ಕೆಲಸ ಮಾಡುತ್ತದೆ. ಆದರೆ ಇಂಗ್ಲಿಷ್‌ಗೆ ಮಾಡಿದ ಹೋಲಿಕೆಯನ್ನು ಕನ್ನಡಕ್ಕೆ ಹಾಗೇ ಹಾಕಿದರೆ ಕೆಲಸ ಕೆಡುತ್ತದೆ.

ಸಾಮಾನ್ಯ ವಿಧಾನ ಹೀಗಿದೆ. ಬರಹವನ್ನು ಐದೈದು ಪದಗಳ ತುಣುಕು ಮಾಡುತ್ತಾರೆ. ಎರಡು ಬರಹಗಳಲ್ಲಿ ಎಷ್ಟು ತುಣುಕು ಒಂದೇ ಆಗಿವೆ ಅಂತ ಎಣಿಸುತ್ತಾರೆ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ. "ಮನೆಯಿಂದ ಹೊರಟೆ" ಅನ್ನೋದನ್ನು "ಮನೆಯಿಂದ ಹೊರಟೆನು" ಅಂತ ಮಾಡಿದರೆ ಸಾಕು, ಪದದ ಲೆಕ್ಕದಲ್ಲಿ ಅದು ಬೇರೆ ತುಣುಕು. ಇಡೀ ಲೇಖನದ ಕ್ರಿಯಾಪದಗಳನ್ನು ಹೀಗೆ ತಿರುವಿ ಹಾಕುವವರಿದ್ದಾರೆ. ಅದಕ್ಕೆ ಪದ ಬಿಡಿ, ಅಕ್ಷರಗಳ ತುಣುಕು ಮಾಡಿ.

ಎಷ್ಟು ಉದ್ದದ ತುಣುಕು? "ಕನ್ನಡ" ಅನ್ನುವ ಪದ ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ: ಕ, ನ, ಒತ್ತು ಕೂಡಿಸುವ ಹಲಂತ, ಮತ್ತೆ ನ, ಡ. ಕಂಪ್ಯೂಟರ್ ಎಣಿಸೋದು ಐದನ್ನು. ಇಂಗ್ಲಿಷ್‌ನಲ್ಲಿ ಐದಾರು ಅಕ್ಷರದ ತುಣುಕು ನಡೆದರೆ ನಮಗೆ ಹನ್ನೆರಡು ಸಂಕೇತದ್ದು ಬೇಕು. ನಾವು ಹನ್ನೆರಡರಲ್ಲೇ ನಿಂತಿದ್ದೇವೆ. ಅದಕ್ಕಿಂತ ಗಿಡ್ಡ ಮಾಡಿದಾಗ "ಮಾಡಿದ್ದಾರೆ", "ಹೇಳಿದ್ದಾರೆ" ಇಂಥವೇ ಸಿಕ್ಕಿಬಿದ್ದು ಎಲ್ಲ ಬರಹವೂ ಎಲ್ಲದಕ್ಕೂ ಹೋಲತೊಡಗಿತು.

ತುಣುಕು ಮಾಡುವ ಮೊದಲು ಬರಹ ತೊಳೆಯಬೇಕು. ಎರಡು ಕೆಲಸ ಮರೆಯಬೇಡಿ.

ಒಂದು, ಯೂನಿಕೋಡ್ ಏಕರೂಪ. "ಕೊ" ಅನ್ನುವ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎರಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಪೈಥಾನ್‌ನಲ್ಲಿ ಇದು ಒಂದೇ ಸಾಲಿನ ಕೆಲಸ.

ಎರಡು, ಕಾಣದ ಸಂಕೇತಗಳು. "ಬ್ಲಾಕ್‌ಚೈನ್" ಅಂತ ಟೈಪ್ ಮಾಡುವಾಗ ಕ್ ಮತ್ತು ಚೈ ನಡುವೆ ಒಂದು ಕಾಣದ ಬಿಡಿಸುವ ಸಂಕೇತ ಇರುತ್ತದೆ. ಇಲ್ಲದಿದ್ದರೆ ಅದು ಒತ್ತಕ್ಷರ ಆಗಿಬಿಡುತ್ತದೆ. ಕೆಲವು ಕೀಬೋರ್ಡ್ ಇದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಕಳ್ಳರು ಬೇಕಂತಲೇ ಪದಗಳ ನಡುವೆ ಇವನ್ನು ತುರುಕಲೂಬಹುದು. ಓದುವವರಿಗೆ ಗೊತ್ತಾಗುವುದಿಲ್ಲ, ಹೋಲಿಕೆ ಮಾತ್ರ ತಪ್ಪುತ್ತದೆ. ಇವನ್ನೆಲ್ಲ ತೆಗೆದುಹಾಕಿ ಹೋಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಬಾಟ್ ಒಬ್ಬರ ಮನಸ್ಸು ನೋಯಿಸಿತು. ಹೊಸದಾಗಿ ಬಂದಿದ್ದ ಒಬ್ಬರು ತಮ್ಮ ಅಜ್ಜಿಯ ಬಗ್ಗೆ ಬರೆದಿದ್ದರು. ಪುಟ್ಟ ಬರಹ. ಅಜ್ಜಿ ದಿನಾ ಬೆಳಗ್ಗೆ ಹೂ ಕಟ್ಟುತ್ತಾ ಹೇಳುತ್ತಿದ್ದ ವಚನವನ್ನು ಪೂರ್ತಿ ಹಾಕಿದ್ದರು. ಎರಡು ದಿನದ ಹಿಂದೆ ಇನ್ಯಾರೋ ಅದೇ ವಚನ ಹಾಕಿದ್ದರು. ಬರಹ ಚಿಕ್ಕದಾದ್ದರಿಂದ ಅರ್ಧಕ್ಕಿಂತ ಜಾಸ್ತಿ ಹೊಂದಿಕೆಯಾಯಿತು. ಬಾಟ್ ಪೂರ್ತಿ ಬಲದ ಡೌನ್‌ವೋಟ್ ಹಾಕಿ, ಕದ್ದ ಬರಹ ಅಂತ ಕಾಮೆಂಟನ್ನೂ ಬರೆಯಿತು. ಸಂಜೆ ನಾನು ನೋಡುವಷ್ಟರಲ್ಲಿ ಅವರ ಉತ್ತರ ಬಂದಿತ್ತು: "ನಾನು ಯಾರದ್ದು ಕದ್ದೆ ಅಂತ ಹೇಳಿ, ತೆಗೆದುಬಿಡ್ತೀನಿ." ಅವರು ಸಿಟ್ಟು ಮಾಡಿಕೊಂಡಿರಲಿಲ್ಲ, ಹೆದರಿದ್ದರು. ಅದನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಮೂರು ಬದಲಾವಣೆ ಮಾಡಿದೆವು. ಉಲ್ಲೇಖದ ಗುರುತು ಹಾಕಿದ ಸಾಲುಗಳನ್ನು ಹೋಲಿಕೆಯಿಂದ ಬಿಟ್ಟೆವು. ವಚನ, ತ್ರಿಪದಿ, ಗಾದೆ, ದೇವರನಾಮ ಇಂಥ ಎಲ್ಲರ ಬಾಯಲ್ಲೂ ಇರುವ ಸಾಲುಗಳ ಒಂದು ಪಟ್ಟಿ ಮಾಡಿ, ಅವುಗಳ ತುಣುಕುಗಳನ್ನು ಲೆಕ್ಕದಿಂದ ತೆಗೆದೆವು. ಮುನ್ನೂರು ಪದಕ್ಕಿಂತ ಕಡಿಮೆ ಇರುವ ಬರಹದ ಮೇಲೆ ಬಾಟ್ ತಾನಾಗಿ ಏನೂ ಮಾಡಬಾರದು ಅಂತ ಇಟ್ಟೆವು. ಈ ಪಟ್ಟಿ ನಿಮಗೂ ಬೇಕಾಗುತ್ತದೆ. ಊರಿನ ಹಾಡು, ಶುಭಾಶಯದ ಸಾಲು, ಸರ್ಕಾರಿ ಪ್ರಕಟಣೆ ಎಲ್ಲ ಸೇರಿಸುತ್ತಾ ಹೋಗಿ.

ವೋಟ್ ಹಾಕದೆ ಎರಡು ವಾರ ಓಡಿಸಿ

ಬಾಟ್ ತಯಾರಾದ ಕೂಡಲೇ ಕೀ ಕೊಡಬೇಡಿ. ಮೊದಲ ಎರಡು ವಾರ ಅದು ಸುಮ್ನೆ ಪಟ್ಟಿ ಬರೆಯಲಿ: ಯಾವ ಪೋಸ್ಟ್, ಯಾವ ಮೂಲಕ್ಕೆ ಹೋಲುತ್ತದೆ, ಎಷ್ಟು ಪಾಲು, ಯಾವ ಸಾಲುಗಳು. ದಿನಾ ಸಂಜೆ ಕುಳಿತು ಒಂದೊಂದನ್ನೇ ತೆರೆದು ಓದಿ. ಬರೆದವರೇ ತಮ್ಮ ಹಳೆಯ ಲೇಖನವನ್ನು ಬೇರೆಡೆಯಿಂದ ಇಲ್ಲಿಗೆ ತಂದಿರಬಹುದು. ಅನುವಾದ ಇರಬಹುದು. ಇಬ್ಬರೂ ಒಂದೇ ಪತ್ರಿಕಾ ಹೇಳಿಕೆ ನೋಡಿ ಬರೆದಿರಬಹುದು. ಹತ್ತರಲ್ಲಿ ಒಂದು ತಪ್ಪಿದ್ದರೂ ಇನ್ನೂ ಕೀ ಕೊಡುವ ಹೊತ್ತಾಗಿಲ್ಲ.

ಆಮೇಲೂ ನಾವು ಎಲ್ಲವನ್ನೂ ಬಾಟ್‌ಗೇ ಬಿಟ್ಟುಕೊಟ್ಟಿಲ್ಲ. ಹೊಂದಿಕೆ ಕಂಡರೆ ಅದು ಸರದಿಗೆ ಸೇರಿಸುತ್ತದೆ. ನಾಲ್ವರಲ್ಲಿ ಇಬ್ಬರು ಓದಿ ಹೌದು ಅಂದರೆ ಮಾತ್ರ ವೋಟ್ ಹೋಗುತ್ತದೆ. ಒಂದೇ ಮೋಸದ ಲಿಂಕನ್ನು ಎಲ್ಲೆಡೆ ಅಂಟಿಸುವ ಕಾಮೆಂಟ್‌ಗಳಿಗೆ ಮಾತ್ರ ತಾನಾಗಿ ಹಾಕುವ ಅನುಮತಿ ಕೊಟ್ಟಿದ್ದೇವೆ. ಅಲ್ಲಿ ಒಂದು ನಿಮಿಷ ತಡವಾದರೂ ಯಾರೋ ಕ್ಲಿಕ್ ಮಾಡಿ ಖಾತೆ ಕಳೆದುಕೊಳ್ಳುತ್ತಾರೆ. ಪೂರ್ತಿ ಯಾಂತ್ರಿಕವಾಗಿ ನಡೆಸಿದರೆ ಜಾಸ್ತಿ ಸಿಗುತ್ತವೆ, ನಿಜ. ಆದರೆ ಕನ್ನಡದಲ್ಲಿ ದಿನಕ್ಕೆ ಬರುವ ಪೋಸ್ಟುಗಳನ್ನು ಇಬ್ಬರು ಕುಳಿತು ನೋಡಿ ಮುಗಿಸಬಹುದು. ಅಷ್ಟು ಕೆಲಸಕ್ಕೆ ಆತುರ ಯಾಕೆ ಬೇಕು?

ಎಷ್ಟು ಬಲ, ಯಾವಾಗ

ವೋಟಿನ ಬಲ ಖರ್ಚಾಗುತ್ತದೆ. ಪೂರ್ತಿ ಬಲದ ಒಂದು ವೋಟಿಗೆ ಸುಮಾರು 2% ಕರಗುತ್ತದೆ. ಪೂರ್ತಿ ಖಾಲಿಯಾದದ್ದು ತುಂಬಲು 5 ದಿನ, ಅಂದರೆ ದಿನಕ್ಕೆ 20%. ದಿನಕ್ಕೆ ಹತ್ತು ಪೂರ್ತಿ ವೋಟ್ ಹಾಕಿದರೆ ಖರ್ಚು, ವರಮಾನ ಸರಿಹೋಗುತ್ತವೆ.

ಡೌನ್‌ವೋಟ್‌ಗೆ ಬೇರೆ ಡಬ್ಬಿ ಇದೆ. ಅದರ ಗಾತ್ರ ಮುಖ್ಯ ಡಬ್ಬಿಯ 25%. 2019ರ ಆಗಸ್ಟ್‌ನಲ್ಲಿ ಸ್ಟೀಮ್‌ನಲ್ಲಿ ಇದು ಬಂತು, ಹೈವ್‌ಗೂ ಬಂತು. ಅದಕ್ಕೂ ಮೊದಲು ಡೌನ್‌ವೋಟ್ ಹಾಕಿದರೆ ನಿಮ್ಮದೇ ಅಪ್‌ವೋಟಿನ ಬಲ ಕಳೆಯುತ್ತಿತ್ತು. ಹಾಗಾಗಿ ಮುಂದೆ ಬರುವವರು ಕಡಿಮೆ ಇದ್ದರು. ಈಗ ದಿನಕ್ಕೆ ಎರಡೂವರೆ ಪೂರ್ತಿ ಡೌನ್‌ವೋಟ್ ಪುಕ್ಕಟೆ. ಹತ್ತನೇ ಒಂದು ಬಲದಲ್ಲಿ ಹಾಕಿದರೆ ಇಪ್ಪತ್ತೈದು. ಆ ಡಬ್ಬಿ ಖಾಲಿಯಾದರೆ ಮುಖ್ಯ ಡಬ್ಬಿಯಿಂದ ಹೋಗುತ್ತದೆ. ಬಾಟ್ ಅಲ್ಲಿಗೆ ನಿಲ್ಲುವಂತೆ ಮಿತಿ ಹಾಕಿ.

ಬಲ ನಿರ್ಧರಿಸುವಾಗ ಪೋಸ್ಟಿನ ಮೊತ್ತ ನೋಡಿ. ಸೊನ್ನೆಗಿಂತ ಕೆಳಗೆ ತಳ್ಳುವ ಅಗತ್ಯವಿಲ್ಲ. 0.02 ಎಚ್‌ಬಿಡಿಗಿಂತ (ಹೈವ್‌ನ ಡಾಲರ್ ಲೆಕ್ಕದ ನಾಣ್ಯ) ಕಡಿಮೆ ಇರುವ ಪೋಸ್ಟಿಗೆ ಹೇಗೂ ಹಣ ಬರುವುದಿಲ್ಲ, ಅದರ ಮೇಲೆ ಬಲ ಸುರಿಯಬೇಡಿ. ಮೊದಲ ತಪ್ಪಿಗೆ ನಾವು ವೋಟೇ ಹಾಕುವುದಿಲ್ಲ, ಕಾಮೆಂಟ್ ಮಾತ್ರ. ಎರಡನೆಯದಕ್ಕೆ ಅರ್ಧ ಮೊತ್ತ ಇಳಿಸುತ್ತೇವೆ. ಆಮೇಲೂ ಮುಂದುವರಿಸಿದರೆ ಪೂರ್ತಿ.

ಕೊನೆಯ ದಿನ ಹಾಕಬೇಡಿ. ಬಟವಾಡೆಗೆ ಗಂಟೆಗಳಷ್ಟೇ ಉಳಿದಿರುವಾಗ ಡೌನ್‌ವೋಟ್ ಬಿದ್ದರೆ ಬರೆದವರಿಗೆ ಉತ್ತರಿಸಲು ಹೊತ್ತೇ ಇರುವುದಿಲ್ಲ. ನಮ್ಮ ಬಾಟ್ ಆರನೇ ದಿನ ಮುಗಿದ ಪೋಸ್ಟನ್ನು ಮುಟ್ಟುವುದಿಲ್ಲ.

ಕದ್ದವರಿಗೆ ಇಳಿಸಿದಷ್ಟೇ ಮುಖ್ಯ, ಮೂಲ ಬರೆದವರು ಹೈವ್‌ನಲ್ಲಿದ್ದರೆ ಅವರ ಪೋಸ್ಟಿಗೆ ಏರಿಸೋದು. ಬಾಟ್ ಮೂಲದ ವಿಳಾಸವನ್ನು ಹೇಗೂ ಹುಡುಕಿರುತ್ತದೆ, ಅಪ್‌ವೋಟನ್ನೂ ಸರದಿಗೆ ಹಾಕಲಿ. 2021ರ ಜೂನ್ 30ರ ಹಾರ್ಡ್‌ಫೋರ್ಕ್ (ಹೈವ್‌ನ ನಿಯಮ ಬದಲಾವಣೆ) ನಂತರ ಮೊದಲ 24 ಗಂಟೆಯೊಳಗೆ ಹಾಕಿದ ವೋಟುಗಳೆಲ್ಲ ಕ್ಯುರೇಶನ್ ಪಾಲಿನಲ್ಲಿ, ಅಂದರೆ ವೋಟ್ ಹಾಕಿದವರಿಗೆ ಸಿಗುವ ಪಾಲಿನಲ್ಲಿ, ಸಮಾನ. ಹಾಗಾಗಿ ಸೆಕೆಂಡ್ ಲೆಕ್ಕ ಹಾಕಿ ಓಡಬೇಕಿಲ್ಲ, ಓದಿ ಹಾಕಬಹುದು.

ಕಾಮೆಂಟ್ ಹೇಗಿರಬೇಕು

ಬಾಟ್ ಬರೆಯುವ ಕಾಮೆಂಟಿನಲ್ಲಿ "ಕದ್ದಿದ್ದೀರಿ" ಅನ್ನುವ ಮಾತೇ ಬೇಡ. ನಮ್ಮದು ಈಗ ಹೀಗಿದೆ: "ನಮಸ್ಕಾರ. ನಿಮ್ಮ ಬರಹದ ಕೆಲವು ಸಾಲುಗಳು ಈ ಕೆಳಗಿನ ಬರಹದಲ್ಲೂ ಇವೆ. ಅದು ನಿಮ್ಮದೇ ಆಗಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ. ಬೇರೆಯವರದ್ದಾಗಿದ್ದರೆ ಅವರ ಹೆಸರು ಸೇರಿಸಿ. ಇದನ್ನು ಬಾಟ್ ಬರೆದಿದೆ, ನಿಮ್ಮ ಉತ್ತರವನ್ನು ನಾವೇ ಓದುತ್ತೇವೆ." ಕೆಳಗೆ ಲಿಂಕ್, ಹೊಂದಿದ ಸಾಲುಗಳು, ನಾಲ್ವರ ಖಾತೆ ಹೆಸರು. ಉತ್ತರ ಬಂದರೆ ಬಾಟ್ ನಮ್ಮ ಫೋನಿಗೆ ಸಂದೇಶ ಕಳಿಸುತ್ತದೆ. ಒಬ್ಬರಿಗೆ ದಿನಕ್ಕೆ ಒಂದೇ ಕಾಮೆಂಟ್. ಇಲ್ಲದಿದ್ದರೆ ಬಾಟೇ ಸ್ಪ್ಯಾಮ್ ಮಾಡಿದಂತಾಗುತ್ತದೆ.

ತಪ್ಪಾದರೆ

ಹಾಕಿದ ವೋಟನ್ನು ಸೊನ್ನೆ ಬಲಕ್ಕೆ ತಂದರೆ ಅದು ರದ್ದಾಗುತ್ತದೆ. ಆದರೆ 7 ದಿನ ಮುಗಿಯುವ ಮೊದಲೇ ಮಾಡಬೇಕು. ಬಟವಾಡೆ ಆದ ಮೇಲೆ ಹಿಂದಿರುಗಿಸಲು ಆಗುವುದಿಲ್ಲ. ಆಗ ಅವರ ಮುಂದಿನ ಪೋಸ್ಟಿಗೆ ಅಪ್‌ವೋಟ್ ಹಾಕಿ ಸರಿದೂಗಿಸಬೇಕು. ವೋಟ್ ತೆಗೆದರಷ್ಟೇ ಸಾಲದು, ಅದೇ ಪೋಸ್ಟಿನ ಕೆಳಗೆ, ಎಲ್ಲರಿಗೂ ಕಾಣುವ ಕಡೆ, ನಿಮ್ಮ ಸ್ವಂತ ಖಾತೆಯಿಂದ ತಪ್ಪಾಯಿತು ಅಂತ ಬರೆಯಿರಿ. ಬಾಟ್ ಖಾತೆಯಿಂದ ಬರೆದ ಕ್ಷಮೆ ಯಾರಿಗೂ ತಟ್ಟುವುದಿಲ್ಲ. ಅಜ್ಜಿಯ ಬಗ್ಗೆ ಬರೆದವರಿಗೆ ನಾನು ಹಾಗೇ ಬರೆದೆ. ವಚನದ ಮುಂದಿನ ಎರಡು ಸಾಲು ಸೇರಿಸಿ ಅವರು ಉತ್ತರ ಕೊಟ್ಟರು. ಅವು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಸೇರಿಸಿಕೊಂಡೆವು.

ಬಾಟ್ ನಿಲ್ಲಿಸುವ ದಾರಿ ಸುಲಭವಾಗಿರಲಿ. ನಮ್ಮ ಸರ್ವರ್‌ನಲ್ಲಿ "ನಿಲ್ಲು" ಅನ್ನುವ ಹೆಸರಿನ ಖಾಲಿ ಫೈಲ್ ಇಟ್ಟರೆ ಸಾಕು, ಪ್ರತಿ ವೋಟಿಗೂ ಮೊದಲು ಬಾಟ್ ಅದು ಇದೆಯಾ ಅಂತ ನೋಡುತ್ತದೆ. ನಾಲ್ವರಿಗೂ ಫೋನಿನಿಂದಲೇ ಅದನ್ನು ಇಡಲು ಬರುತ್ತದೆ. ದಸರೆಯ ವಾರ ಎಲ್ಲರೂ ಊರಿಗೆ ಹೋಗುತ್ತೇವೆ, ಸರದಿ ನೋಡುವವರು ಇರುವುದಿಲ್ಲ. ಹೊರಡುವ ದಿನ ಬಸ್ ಹತ್ತುವ ಮೊದಲು ಆ ಫೈಲ್ ಇಟ್ಟು ಹೋಗುತ್ತೇವೆ.